ಫೈಲಿಗಾಗಿ ಕಾದ ವರ್ಷ

ಕಳೆದ ತಿಂಗಳು ನನ್ನ ಮಗಳ ಮಗಳು ದೋಹಾದಿಂದ ರಜೆಯಲ್ಲಿ ಬಂದವಳು ಒಂದು ಡಬ್ಬಿ ಬಖೂರ್ ತಂದಿದ್ದಳು. ನಮ್ಮ ಧೂಪದ ಹಾಗೆ ಕೆಂಡದ ಮೇಲೆ ಹಾಕಿ ಹೊಗೆ ಎಬ್ಬಿಸುವ ವಸ್ತು ಅದು. "ಅಜ್ಜಿ, ನೀವು ಅಲ್ಲಿ ಇದ್ದವರಲ್ವಾ, ನಿಮಗೆ ಖುಷಿಯಾಗ್ತದೆ ಅಂತ ತಂದೆ" ಅಂದಳು. ಹೊಗೆ ಚಾವಡಿ ತುಂಬಿದ ಕೂಡಲೇ ನಾನು ಎದ್ದು ಬಾವಿಕಟ್ಟೆಯ ಹತ್ತಿರ ಹೋಗಿ ನಿಂತೆ. ಅವಳಿಗೆ ಬೇಸರವಾಯಿತು. ನಾನೇನು ಮಾಡಲಿ. ಆ ವಾಸನೆ ಮೂಗಿಗೆ ಬಂದರೆ ನನಗೆ ದೇವರೂ ನೆನಪಾಗುವುದಿಲ್ಲ, ಹಬ್ಬವೂ ನೆನಪಾಗುವುದಿಲ್ಲ. ದೋಹಾದ ಕೋರ್ಟಿನ ಕಾರಿಡಾರು ನೆನಪಾಗುತ್ತದೆ. ಅಲ್ಲಿನ ಜವಾನ ದಿನಾ ಬೆಳಿಗ್ಗೆ ಬಖೂರಿನ ಹೊಗೆ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದ. ಹೆಂಗಸರು ಕೂರುವ ಮೂಲೆಯ ಬೆಂಚಿನ ಮೇಲೆ ಕೂತು ನಾನು ಆ ಹೊಗೆ ಕುಡಿದಿದ್ದೇನೆ, ಬೇಸಿಗೆಯಿಂದ ರಂಜಾನಿನವರೆಗೆ. ಕೂತದ್ದು ಒಂದು ಫೈಲಿಗಾಗಿ.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ತಮ್ಮ ಸಂಜೀವ ಅಲ್ಲಿ ಜೈಲಿನಲ್ಲಿದ್ದ. ಯಾಕೆ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರಿಗೆ ಅದೇ ಯೋಚನೆ. ಹಗಲು ಕರೆಂಟಿನ ಕೆಲಸ ಮಾಡುತ್ತಿದ್ದವನು ಸಂಜೆಯಾದರೆ ನಜ್ಮಾ ಎಂಬ ಪೇಟೆಯ ತನ್ನ ರೂಮಿನಲ್ಲಿ ಖರ್ಜೂರ ಕೊಳೆಹಾಕಿ ಸಾರಾಯಿ ಇಳಿಸುತ್ತಿದ್ದ. ಕುಡಿಯುತ್ತಿದ್ದ, ಮಾರುತ್ತಿದ್ದ. ಪೊಲೀಸರು ಬಂದರು, ಹಿಡಿದರು. ಅವನು ಮಾಡಿಲ್ಲ ಎಂದು ನಾನು ಯಾರ ಮುಂದೆಯೂ ಹೇಳಿಲ್ಲ. ಎರಡು ವರ್ಷ ಎಂದು ಬರೆದರು, ಆಮೇಲೆ ಊರಿಗೆ ಕಳಿಸುವುದು ಎಂದು ಬರೆದರು. ಸರಿ. ಕಾಲು ಕತ್ತರಿಸುವುದು ಎಂದು ಎಲ್ಲಿಯೂ ಬರೆದಿರಲಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಜೈಲಿನ ಬಾಗಿಲಲ್ಲಿ ಅವನ ಮಾತ್ರೆಯ ಪೊಟ್ಟಣ ಕಿತ್ತಿಟ್ಟುಕೊಂಡರು. ಒಳಗೆ ದವಾಖಾನೆ ಉಂಟು, ಅಲ್ಲೇ ಕೊಡುತ್ತಾರೆ ಎಂದರು.

ನಾನು ಆಗ ಅಬು ಹಮೂರಿನಲ್ಲಿ ಒಂದು ಅರಬಿಗಳ ಮನೆಯಲ್ಲಿ ಕೆಲಸಕ್ಕಿದ್ದೆ. ಆ ಮನೆಯ ಅಜ್ಜಿಯನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಅಜ್ಜಿಯ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ದೊಡ್ಡ ಮಗ ಜಾಸಿಮ್, ಹಾಗಾಗಿ ಎಲ್ಲರಿಗೂ ಅವಳು ಉಮ್ ಜಾಸಿಮ್, ಅಂದರೆ ಜಾಸಿಮನ ತಾಯಿ. ಅವಳಿಗೂ ಸಕ್ಕರೆ ಕಾಯಿಲೆ. ಫ್ರಿಜ್ಜಿನ ಒಂದು ಇಡೀ ಖಾನೆ ಅವಳ ಇನ್ಸುಲಿನ್ನಿಗೇ ಮೀಸಲು. ಅವಳ ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಗಾಯವಿದೆಯೇ ಎಂದು ತಿರುಗಿಸಿ ನೋಡುವುದು ನನ್ನ ಬೆಳಗಿನ ಮೊದಲ ಕೆಲಸ. ಹಿಮ್ಮಡಿಯಲ್ಲಿ ಒಮ್ಮೆ ಹುಣ್ಣಾಗಿತ್ತು. ಡಾಕ್ಟರು ಮನೆಗೇ ಬಂದರು. ಆ ಹುಣ್ಣಿನ ವಾಸನೆ ಎಂತದ್ದು ಎಂದು ನನಗೆ ಆಗ ತಿಳಿದದ್ದು.

ಶುಕ್ರವಾರ ಜೈಲಿನಲ್ಲಿ ಭೇಟಿ. ಕಟ್ಟೆಯ ಆಚೆ ಅವರು, ಈಚೆ ನಾವು, ನಡುವೆ ಬಲೆ. ಎದೆಯ ಮೇಲಿನ ಮನುಷ್ಯ ಮಾತ್ರ ಕಾಣುವುದು. ಸೆಕೆ ಶುರುವಾದ ಸಮಯದಲ್ಲಿ ಒಂದು ಶುಕ್ರವಾರ ಸಂಜೀವನ ಮುಖ ಬಾಡಿದ ಬಸಳೆ ಸೊಪ್ಪಿನ ಹಾಗಿತ್ತು.

"ಎಂತ ಮಾರಾಯ, ಹೀಗೆ ಸೊರಗಿದ್ದಿ?"

"ಇಲ್ಲ ಅಕ್ಕ, ಆರಾಮ. ಇಲ್ಲಿನ ಖುಬೂಸ್ ರೊಟ್ಟಿ ಸೇರುವುದಿಲ್ಲ, ಅಷ್ಟೇ."

"ಮಾತ್ರೆ?"

"ಕೊಡ್ತಾರೆ ಅಂತ ಹೇಳಿದ್ದಾರೆ."

"ಕೊಟ್ಟಿದ್ದಾರಾ ಅಂತ ಕೇಳಿದ್ದು ನಾನು."

"ಕೊಡ್ತಾರೆ."

ಆಗ ಬಲೆಯ ಆಚೆಯಿಂದ ಆ ವಾಸನೆ ಬಂತು. ಕಾಲು ತೋರಿಸು ಎಂದೆ. ಚಪ್ಪಲಿ ಬಾರು ತಾಗಿ ಸಣ್ಣ ಗಾಯ ಎಂದ. ತೋರಿಸಲಿಲ್ಲ, ಕಟ್ಟೆ ಎತ್ತರವಿತ್ತು. ನಾನು ಕಾವಲುಗಾರನ ಹತ್ತಿರ ಹೋಗಿ ಡಾಕ್ಟರು, ಡಾಕ್ಟರು ಎಂದು ನನಗೆ ಬರುವ ಅರಬಿಯಲ್ಲಿ ಹೇಳಿದೆ. ಅವನು "ಬುಕ್ರಾ" ಎಂದ. ನಾಳೆ ಎಂದು ಅರ್ಥ. ಮುಂದಿನ ಶುಕ್ರವಾರವೂ ಬುಕ್ರಾ ಎಂದ. ಅದರ ಮುಂದಿನ ಶುಕ್ರವಾರ ಹೋದಾಗ ಸಂಜೀವ ಭೇಟಿಗೆ ಬರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿದ್ದ. ಎಡಗಾಲು ಮೊಣಕಾಲಿನ ಕೆಳಗೆ ತೆಗೆದಾಗಿತ್ತು.

ಅವನು ಪುನಃ ಜೈಲಿಗೆ ಬಂದ ಮೇಲೆ ನಾನು ನೋಡಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಅವನೇ ಮಾತು ತೆಗೆದ. "ಅಕ್ಕ, ನಜ್ಮಾದಲ್ಲಿ ಒಂದೇ ಚಪ್ಪಲಿ ಮಾರುವ ಅಂಗಡಿ ಉಂಟಾ ನೋಡು. ಜೋಡಿ ತೆಗೆದರೆ ದಂಡ."

"ಬಾಯಿ ಮುಚ್ಚು" ಎಂದೆ.

ಕೋರ್ಟಿನ ಎದುರು ಅರಬಿಯಲ್ಲಿ ಅರ್ಜಿ ಟೈಪು ಮಾಡಿಕೊಡುವ ಅಂಗಡಿಗಳ ಸಾಲಿತ್ತು. ಅಲ್ಲಿ ಉಪ್ಪಿನಂಗಡಿಯ ಖಾದರ್ ಎಂಬ ಬ್ಯಾರಿ ಹುಡುಗ ಕೂರುತ್ತಿದ್ದ. ಹುಡುಗ ಎಂದರೆ ಎರಡು ಮಕ್ಕಳ ತಂದೆ, ನನಗಿಂತ ಚಿಕ್ಕವನು ಅಷ್ಟೇ. ಅವನೇ ನನ್ನನ್ನು ಉಸ್ಮಾನ್ ವಕೀಲರ ಹತ್ತಿರ ಕರೆದುಕೊಂಡು ಹೋದದ್ದು. ಅವರು ಸೂಡಾನಿನವರು, ಉದ್ದ ಮನುಷ್ಯ, ಮಾತು ಕಡಿಮೆ. ಅವರ ತಾಯಿಯ ಕಾಲೂ ಇದೇ ಕಾಯಿಲೆಯಲ್ಲಿ ಹೋಗಿತ್ತಂತೆ. ಕೇಸು ಹಾಕುತ್ತೇನೆ ಎಂದರು. ಮಾತ್ರೆ ಕೊಡದೆ, ಡಾಕ್ಟರಿಗೆ ತೋರಿಸದೆ ಕಾಲು ಹೋಗುವ ಹಾಗೆ ಮಾಡಿದ್ದಾರೆ ಎಂಬುದು ನಮ್ಮ ಮಾತು. ಮಾತು ಸಾಕಾಗುವುದಿಲ್ಲ, ಜೈಲಿನ ದವಾಖಾನೆಯಲ್ಲಿ ಸಂಜೀವನ ಹೆಸರಿನ ಫೈಲು ಇರುತ್ತದೆ, ಯಾವ ದಿನ ನೋಡಿದರು, ಏನು ಕೊಟ್ಟರು ಎಂದು ಅದರಲ್ಲಿ ಇರಬೇಕು, ಅದನ್ನು ಕೋರ್ಟಿಗೆ ತರಿಸಬೇಕು ಎಂದರು. ನಾನು ತಿಳಿದುಕೊಂಡೆ, ಒಂದು ವಾರದ ಕೆಲಸ ಎಂದು. ನನ್ನ ಬುದ್ಧಿಗೆ ಏನು ಹೇಳುವುದು.

ಮೊದಲು ಜೈಲಿನವರು ಫೈಲು ದೊಡ್ಡ ಆಸ್ಪತ್ರೆಗೆ ಹೋಗಿದೆ ಎಂದರು. ಆಸ್ಪತ್ರೆಯವರು ನಮ್ಮಲ್ಲಿ ಆಪರೇಷನ್ನಿನ ಕಾಗದ ಮಾತ್ರ ಇರುವುದು, ಹಿಂದಿನದೆಲ್ಲ ಜೈಲಿನಲ್ಲೇ ಎಂದರು. ಆಮೇಲೆ ದವಾಖಾನೆಯ ಡಾಕ್ಟರು ರಜೆಯಲ್ಲಿ ಹೋಗಿದ್ದಾರೆ, ಕಪಾಟಿನ ಬೀಗದ ಕೈ ಅವರ ಹತ್ತಿರ ಎಂದರು. ಡಾಕ್ಟರು ಬಂದರು. ಬಂದ ಮೇಲೆ, ರೋಗಿಯ ಗುಟ್ಟು ಹೊರಗೆ ಕೊಡಬಾರದು ಎಂಬ ಕಾನೂನು ಉಂಟು ಎಂದರು. ರೋಗಿಯೇ ಕೇಳುತ್ತಿದ್ದಾನಲ್ಲ ಎಂದು ಉಸ್ಮಾನ್ ವಕೀಲರು ಹೇಳಿದರು. ಹಾಗಾದರೆ ರೋಗಿಯ ಸಹಿ ಬೇಕು. ಸಂಜೀವ ಸಹಿ ಹಾಕಿದ. ಕನ್ನಡದಲ್ಲಿ ಹಾಕಿದ. ಅದು ಸಹಿ ಎಂದು ಯಾರು ಹೇಳುವುದು, ಹೆಬ್ಬೆಟ್ಟು ಬೇಕು ಎಂದರು. ಅವನು ಹೆಬ್ಬೆಟ್ಟು ಒತ್ತಿದ. ಓದು ಬಲ್ಲವನು ಹೆಬ್ಬೆಟ್ಟು ಯಾಕೆ ಒತ್ತಿದ ಎಂದು ಅದಕ್ಕೂ ತಕರಾರು.

ಪ್ರತಿ ಸಲವೂ ನಾನು ಅಬು ಹಮೂರಿನಿಂದ ಹೊರಡಬೇಕು. ಆ ವರ್ಷದ ಸೆಕೆ ಒದ್ದೆ ಸೆಕೆ, ಟ್ಯಾಕ್ಸಿಗೆ ಕಾಯುವಾಗ ಸೀರೆ ಮೈಗೆ ಅಂಟಿ ಬಿಡಿಸಿಕೊಳ್ಳಲಾಗುತ್ತಿರಲಿಲ್ಲ. ಧೂಳಿನ ಗಾಳಿ ಎದ್ದ ದಿನ ಹಲ್ಲಿನಲ್ಲಿ ಮರಳು ಕರಕರ. ಕೋರ್ಟಿಗೆ ಮುಟ್ಟಿದರೆ ಕಾರಿಡಾರಿನಲ್ಲಿ ಬಖೂರಿನ ಹೊಗೆ, ಬೆಂಚು, ಮತ್ತು ಖಾದರ್ ಬಂದು "ಅಕ್ಕ, ಮುಂದೆ ಹಾಕಿದ್ದಾರೆ" ಎನ್ನುವುದು.

ತಾವು ಒಂದು ಹಾಳೆಯನ್ನೂ ಕೊಡದ ಜೈಲಿನವರು ನಮ್ಮಿಂದ ಮಾತ್ರ ಎಲ್ಲ ಕೇಳಿದರು. ಊರಿನ ಡಾಕ್ಟರ ಚೀಟಿ ಕೇಳಿದರು, ಕೊಟ್ಟೆವು. ಅಕ್ಕ ಶುಕ್ರವಾರ ಏನೇನು ತಿಂಡಿ ತಂದಿದ್ದಾಳೆ ಹೇಳಬೇಕು ಎಂದರು. ಹೇಳಿದೆ. ನೀರುದೋಸೆ, ಮೀನು ಹುರಿದದ್ದು, ಅಷ್ಟಮಿಗೆ ಎರಡು ಎಳ್ಳುಂಡೆ. ಎಳ್ಳುಂಡೆ ಎಂದ ಕೂಡಲೇ ಅವರ ವಕೀಲ ಪೆನ್ನು ತೆಗೆದು ಬರೆದುಕೊಂಡ. ಟೈ ಕಟ್ಟಿದ ಈಜಿಪ್ಟಿನವನು, ನಯವಾದ ಮಾತು. "ಅಷ್ಟಮಿ ಬಂದದ್ದು ಕಾಲು ಹೋದ ಮೇಲೆ ಅಂತ ಹೇಳು ಅವನಿಗೆ" ಎಂದು ಖಾದರನಿಗೆ ಹೇಳಿದೆ. ಖಾದರ್ ಹೇಳಿದ. ಬರೆದದ್ದನ್ನು ಆತ ಹೊಡೆದುಹಾಕಲಿಲ್ಲ.

ಮಳೆಗಾಲ ಊರಿನಲ್ಲಿ ಮುಗಿದು ಅಲ್ಲಿ ಸೆಕೆ ಸ್ವಲ್ಪ ಇಳಿಯುವ ಹೊತ್ತಿಗೆ ಅವರು ತಾವಾಗಿಯೇ ಏನೋ ಕಾಗದ ಕೊಡುತ್ತೇವೆ ಎಂದರು. ಫೈಲು ಬಂತು ಎಂದು ನಾನು ಬೆಂಚಿನಿಂದ ಎದ್ದೇ ಬಿಟ್ಟೆ. ಬಂದದ್ದು ಫೈಲಲ್ಲ, ಸಂಜೀವ ಅಮ್ಮನಿಗೂ ನನಗೂ ಬರೆದ ಕಾಗದಗಳ ನಕಲು. ಜೈಲಿನಿಂದ ಹೋಗುವ ಕಾಗದ ತೆರೆದೇ ಕೊಡಬೇಕು, ಅವರು ನಕಲು ಇಟ್ಟುಕೊಳ್ಳುತ್ತಾರೆ. ಒಂದೊಂದರ ಮೊದಲ ಸಾಲನ್ನೂ ಅರಬಿ ಮಾಡಿಸಿ ಅಡಿಗೆರೆ ಎಳೆದಿದ್ದರು. ಖಾದರ್ ನನ್ನ ಕಿವಿಯ ಹತ್ತಿರ ಮೆಲ್ಲ ಹೇಳಿದ. "ಅಕ್ಕ, 'ನಾನು ಇಲ್ಲಿ ಕ್ಷೇಮ' ಅಂತ ಎಲ್ಲದರಲ್ಲೂ ಉಂಟಲ್ಲ, ಅದನ್ನು 'ನಾನು ಒಳ್ಳೆಯ ಆರೋಗ್ಯದಲ್ಲಿದ್ದೇನೆ' ಅಂತ ಮಾಡಿದ್ದಾರೆ. ಕೈದಿಯೇ ವಾರ ವಾರ ತಾನು ಆರೋಗ್ಯವಾಗಿದ್ದೇನೆ ಅಂತ ಬರೆದಿದ್ದಾನೆ, ಹಾಗಿರುವಾಗ ದವಾಖಾನೆಯ ಫೈಲು ಯಾಕೆ ಅಂತ ಕೇಳ್ತಿದ್ದಾರೆ."

ಉಸ್ಮಾನ್ ವಕೀಲರೂ ನನ್ನ ಕಡೆ ತಿರುಗಿ ನೋಡಿದರು. ಅವರ ಕಣ್ಣಿನಲ್ಲಿ ಅನುಮಾನ ಇತ್ತು. ಕಾರಿಡಾರಿಗೆ ಬಂದ ಮೇಲೆ, ನಿನ್ನ ತಮ್ಮ ಯಾಕೆ ಸುಳ್ಳು ಬರೆದ ಎಂದು ಕೇಳಿದರು.

"ಸುಳ್ಳಲ್ಲ, ಕಾಗದ ಶುರುವಾಗುವುದೇ ಹಾಗೆ" ಎಂದೆ. ನಾನು ಮೂರನೆಯ ಕ್ಲಾಸಿನವರೆಗೆ ಓದಿದವಳು. ಮಾಸ್ಟ್ರು ಬೋರ್ಡಿನ ಮೇಲೆ ಕಾಗದ ಬರೆಯುವ ಕ್ರಮ ಕಲಿಸಿದ್ದರು. ಬಲಗಡೆ ಊರಿನ ಹೆಸರು, ಕೆಳಗೆ ನಮಸ್ಕಾರ, ಅದರ ಕೆಳಗೆ ನಾನು ಇಲ್ಲಿ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ. ಆ ಸಾಲು ಬಿಟ್ಟವನ ಕೈಗೆ ಅಡಿಕೋಲಿನ ಪೆಟ್ಟು. ಇದನ್ನೆಲ್ಲ ಸೂಡಾನಿನವರಿಗೆ ಹೇಗೆ ಹೇಳುವುದು?

"ಖಾದರ್, ನೀನು ಹೇಳು. ಮನೆಗೆ ನೀನು ಎಂತ ಬರೀತಿ?"

"ಸಲಾಂ ಬರೀತೇನೆ, ಆಮೇಲೆ ಇಲ್ಲಿ ಸುಖ ಅಂತ ಬರೀತೇನೆ."

"ಕಳೆದ ವರ್ಷ ನಿನಗೆ ಅರಶಿನ ಕಾಯಿಲೆ ಬಂದು ಮಲಗಿದ್ದಿಯಲ್ಲ, ಆಗ?"

ಅವನು ತಲೆ ಕೆರೆದುಕೊಂಡ. "ಆಗಲೂ ಸುಖ."

ವಕೀಲರು ಬಾಯಿಮಾತು ಆಗುವುದಿಲ್ಲ, ಬೇರೆಯವರ ಕಾಗದ ತಂದು ತೋರಿಸಿ ಎಂದರು.

ಮುಂದಿನ ಶುಕ್ರವಾರ ನಾನೂ ಖಾದರನೂ ನಜ್ಮಾದಲ್ಲಿ ಸಂಜೀವ ಇದ್ದ ಕಟ್ಟಡಕ್ಕೆ ಹೋದೆವು. ರಜೆ ದಿನ, ಗಂಡಸರೆಲ್ಲ ಬನಿಯನ್ ಲುಂಗಿಯಲ್ಲಿ ಒಂದರ ಮೇಲೊಂದಿದ್ದ ಮಂಚಗಳಲ್ಲಿ ಬಿದ್ದುಕೊಂಡಿದ್ದರು. ನನ್ನನ್ನು ಕಂಡು ಎದ್ದು ಅಂಗಿ ಹುಡುಕಿದರು. ನಿಮ್ಮ ಕಾಗದ ಕೊಡಿ ಎಂದರೆ ಒಬ್ಬನೂ ಕೊಡಲೊಲ್ಲ. ಹೆಂಡತಿ ಬರೆದದ್ದಂತೆ, ನಾಚಿಕೆಯಂತೆ. ಕೋರ್ಟು ಎಂದರೆ ಇನ್ನೂ ಹೆದರಿಕೆ.

ಮೂಲೆಯ ಮಂಚದಲ್ಲಿ ಬಾಗಲಕೋಟೆ ಕಡೆಯ ಬಸಪ್ಪ ಎಂಬವನು ಕೂತು ಗಡ್ಡ ಕೆರೆದುಕೊಳ್ಳುತ್ತಿದ್ದ. ಗ್ಯಾಸ್ ಕಂಪನಿಯಲ್ಲಿ ವೆಲ್ಡರ್ ಅಂತೆ. ಎದ್ದು ದಿಂಬಿನ ಅಡಿಯಿಂದ ಒಂದು ನೀಲಿ ಕಾಗದ ತೆಗೆದು ನನ್ನ ಕೈಗಿಟ್ಟ.

"ತಗೋ ಯಕ್ಕಾ. ನಮ್ಮಪ್ಪ ಸತ್ತ ಸುದ್ದಿನೂ ಕ್ಷೇಮದಾಗ ಬಂದೈತಿ ನೋಡು."

ಅಕ್ಷರ ಕೂಡಿಸಿಕೊಂಡು ಓದಿದೆ. ನಾವೆಲ್ಲರೂ ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರು. ತರುವಾಯ, ಮೊನ್ನೆ ಸೋಮವಾರ ಅಪ್ಪಾರು ತೀರಿಕೊಂಡರು.

"ಇದು ಪುನಃ ನಿನಗೆ ಬೇಕಲ್ಲ?" ಎಂದೆ.

"ಬೇಕು. ಆದ್ರ ಮೊದಲ ನಿಮ್ಮ ತಮ್ಮನ ಕೆಲಸ ಆಗ್ಲಿ. ಅವ ನನ್ನ ರೂಮಿನ್ಯಾಗ ಫ್ಯಾನ್ ಹಾಕಿ ಕೊಟ್ಟಾನ. ಅವನ ಸಾರಾಯಿ ಭಾಳ ಕೆಟ್ಟದ್ದು ಇತ್ತು, ಅದು ಬ್ಯಾರೆ ಮಾತು."

ಎಲ್ಲರೂ ನಕ್ಕರು. ಆ ಮೇಲೆ ಒಬ್ಬೊಬ್ಬನೇ ಪೆಟ್ಟಿಗೆ ತೆರೆದ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಊರಿನ ಅಷ್ಟೂ ಕ್ಷೇಮ ತುಂಬಿಕೊಂಡು ನಾನು ಹೊರಟೆ.

ಕೋರ್ಟಿನಲ್ಲಿ ಅದಕ್ಕೂ ಅಡ್ಡ. ಖಾದರ್ ಮಾಡಿದ ಅನುವಾದ ನಡೆಯುವುದಿಲ್ಲ, ಕೋರ್ಟು ಒಪ್ಪಿದ ಅನುವಾದಕರೇ ಮಾಡಬೇಕು, ಅವರಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲ ಎಂದು ಈಜಿಪ್ಟಿನವನು ಹೇಳಿದ. ಉಸ್ಮಾನ್ ವಕೀಲರು ಅಷ್ಟು ಕಾಲದಲ್ಲಿ ಮೊದಲ ಸಲ ಸ್ವರ ಏರಿಸಿದರು. ಕನ್ನಡ ಬಲ್ಲವರಿಲ್ಲದಿದ್ದರೆ ಕೈದಿಯ ಕಾಗದವನ್ನು ನಿಮಗೆ ಅರಬಿ ಮಾಡಿಕೊಟ್ಟವರು ಯಾರು ಎಂದು ಕೇಳಿದರು. ಈಜಿಪ್ಟಿನವನು ಟೈ ಸರಿ ಮಾಡಿಕೊಂಡ.

ನ್ಯಾಯಾಧೀಶರು ಬಿಳಿ ಗಡ್ಡದವರು. ಬಸಪ್ಪನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನನ್ನು ಎದ್ದು ನಿಲ್ಲಲು ಹೇಳಿದರು. ಕಾಯಿಲೆ ಬಿದ್ದವನು ಚೆನ್ನಾಗಿದ್ದೇನೆ ಎಂದು ಯಾಕೆ ಬರೆಯುತ್ತಾನೆ ಎಂದು ಕೇಳಿದರು. ಖಾದರ್ ಅನುವಾದ ಮಾಡುವ ಮೊದಲೇ ನನಗೆ ತಿಳಿಯಿತು. ಉತ್ತರ ನನ್ನ ಅಡಿಗೆಮನೆಯ ಅರಬಿಯಲ್ಲೇ ಹೇಳಿದೆ.

"ನಾನು ಕೆಲಸ ಮಾಡುವ ಮನೆಯ ಅಜ್ಜಿಗೆ ಕಾಲು ನೋವು. ರಾತ್ರಿಯೆಲ್ಲ ನರಳುತ್ತಾಳೆ. ಬೆಳಿಗ್ಗೆ ಯಾರು ಬಂದು ಹೇಗಿದ್ದೀ ಎಂದರೂ ಬಖೈರ್, ದೇವರ ದಯೆ, ಚೆನ್ನಾಗಿದ್ದೇನೆ ಎನ್ನುತ್ತಾಳೆ. ಚೆನ್ನಾಗಿದ್ದೇನೆ ಎಂದಳಲ್ಲ ಎಂದು ಡಾಕ್ಟರು ಅವಳಿಗೆ ಇನ್ಸುಲಿನ್ ಕೊಡದೆ ಹೋಗುವುದಿಲ್ಲ."

ನ್ಯಾಯಾಧೀಶರು ಗಡ್ಡ ಸವರಿಕೊಂಡು ಗುಮಾಸ್ತನಿಗೆ ಏನೋ ಬರೆಸಿದರು. ದವಾಖಾನೆಯ ಫೈಲನ್ನು ಮುಂದಿನ ಸಲ ತರದಿದ್ದರೆ ಜೈಲಿನ ದೊಡ್ಡ ಅಧಿಕಾರಿಯೇ ಬಂದು ನಿಲ್ಲಬೇಕು ಎಂದು ಬರೆಸಿದ್ದಂತೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಉಮ್ ಜಾಸಿಮ್ ಕಾಲು ಚಾಚಿ ಕೂತಿದ್ದಳು.

"ನನ್ನ ಕಾಲನ್ನು ಕೋರ್ಟಿಗೆ ಕೊಂಡುಹೋದೆಯಂತೆ?"

"ಮಾತಿಗೆ ಬಂತು, ಹೇಳಿದೆ."

"ನಾನು ನರಳುವುದಿಲ್ಲ" ಎಂದಳು ಅಜ್ಜಿ. ನಾನು ನೀರು ಬಿಸಿಗಿಟ್ಟೆ. ಕಾಲನ್ನು ನೀರಿಗಿಳಿಸುತ್ತಾ "ಫೈಲು ಕೊಟ್ಟರೋ?" ಎಂದು ಕೇಳಿದಳು.

ಕೊಟ್ಟರು. ರಂಜಾನಿಗೆ ಸ್ವಲ್ಪ ಮೊದಲು, ಚಳಿಗೆ ನಾನು ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು ಹೋದ ಒಂದು ಬೆಳಿಗ್ಗೆ. ಹಸಿರು ರಟ್ಟು, ತೆಳ್ಳಗೆ ಇತ್ತು. ಅಷ್ಟು ತೆಳ್ಳಗಿನ ಫೈಲಿಗೆ ಅಷ್ಟು ದಿನವೇ ಎನಿಸಿತು. ವಕೀಲರು ಮಗುಚುತ್ತಾ ಹೋದರು, ಖಾದರ್ ಪಕ್ಕದಲ್ಲಿ ನಿಂತು ಓದಿದ. ವಾರ ವಾರ ಒಂದೇ ಕೈಬರಹ, ಒಂದೇ ಸಾಲು. ಕೈದಿಯನ್ನು ಕೋಣೆಯಲ್ಲಿ ನೋಡಲಾಯಿತು, ಸ್ಥಿತಿ ಚೆನ್ನಾಗಿದೆ, ದೂರು ಇಲ್ಲ. ಮಾತ್ರೆಯ ಹೆಸರಿಲ್ಲ. ಗಾಯದ ಹೆಸರಿಲ್ಲ. ಸಂಜೀವ ದೊಡ್ಡ ಆಸ್ಪತ್ರೆಯ ಮೇಜಿನ ಮೇಲೆ ಪ್ರಜ್ಞೆ ಇಲ್ಲದೆ ಮಲಗಿದ್ದ ದಿನವೂ ಕೋಣೆಯಲ್ಲಿ ನೋಡಲಾಯಿತು, ಸ್ಥಿತಿ ಚೆನ್ನಾಗಿದೆ.

"ಇವರೂ ಕ್ಷೇಮ ಬರೆದಿದ್ದಾರೆ ಅಕ್ಕ" ಎಂದ ಖಾದರ್.

ಉಸ್ಮಾನ್ ವಕೀಲರು ಆಸ್ಪತ್ರೆಯ ಕಾಗದವನ್ನು ಅದರ ಪಕ್ಕದಲ್ಲಿಟ್ಟು, ಎರಡರ ತಾರೀಕಿನ ಮೇಲೂ ಬೆರಳಿಟ್ಟು, ಇನ್ನು ನಮಗೆ ಬೇರೆ ಸಾಕ್ಷಿ ಬೇಡ ಎಂದರು. ನಾನು ಅಂದು ನಜ್ಮಾದಲ್ಲಿ ಇಳಿದು ಬಸಪ್ಪನ ನೀಲಿ ಕಾಗದ ಅವನಿಗೆ ವಾಪಸು ಕೊಟ್ಟೆ, ಕೆಫೆಟೇರಿಯಾದಲ್ಲಿ ಕೂತು ಒಂದು ಚಾ ಕುಡಿದೆ. ಆ ವರ್ಷ ನಾನು ಹೊರಗೆ ಕೂತು ನೆಮ್ಮದಿಯಿಂದ ಕುಡಿದ ಚಾ ಅದೊಂದೇ.

ರಂಜಾನ್ ಬಂತು. ರಂಜಾನಿನಲ್ಲಿ ಅಲ್ಲಿ ಕೆಲವು ಕೈದಿಗಳಿಗೆ ಮಾಫಿ ಕೊಟ್ಟು ಬಿಡುವ ಪದ್ಧತಿ ಉಂಟು. ಒಂದು ಸಂಜೆ, ಉಪವಾಸ ಬಿಡುವ ಹೊತ್ತಿಗೆ, ಮನೆಯ ಫೋನಿಗೆ ಖಾದರ್ ಮಾಡಿದ. ಸಂಜೀವನ ಹೆಸರು ಮಾಫಿಯಲ್ಲಿ ಬಂದಿದೆ, ಜೈಲಿನಿಂದ ನೇರ ಏರ್‌ಪೋರ್ಟಿಗೆ ಕೊಂಡುಹೋದರು, ವಿಮಾನ ಹೋಗಿಯೂ ಆಯಿತು ಎಂದ. ನನಗೆ ಅವನ ಮುಖವನ್ನೂ ತೋರಿಸದೆ ಕಳಿಸಿದ್ದರು. ಮನೆಯವರೆಲ್ಲ ಮಬ್ರೂಕ್, ಮಬ್ರೂಕ್ ಎಂದು ಶುಭ ಕೋರಿದರು. ಉಮ್ ಜಾಸಿಮ್ ತಟ್ಟೆಯಿಂದ ಖರ್ಜೂರ ತೆಗೆದು ನನ್ನ ಬಾಯಿಗಿಟ್ಟಳು. ತಮ್ಮ ಮನೆ ಸೇರಿದ, ನೀನು ಯಾಕೆ ಗಂಟು ಮುಖ ಹಾಕಿದ್ದೀ ಎಂದು ಕೇಳಿದಳು. ಹೌದು, ಮನೆ ಸೇರಿದ. ಅಮ್ಮನಿಗೆ ಮಗ ಸಿಕ್ಕಿದ. ಅದು ಬೇಡ ಎಂದು ನಾನು ಹೇಳುವುದಿಲ್ಲ.

ಹಬ್ಬ ಕಳೆದು ಕೋರ್ಟು ತೆರೆದ ಮೇಲೆ ಖಾದರ್ ಬೆಂಚಿನ ಹತ್ತಿರ ಬಂದು ನಿಂತ.

"ಎಂತ, ಹೇಳು."

"ಕೋರ್ಟಿನ ಡಾಕ್ಟರು ಒಮ್ಮೆ ಕಾಲು ನೋಡಬೇಕಂತೆ ಅಕ್ಕ."

"ಯಾವ ಕಾಲು? ಇದ್ದದ್ದಾ, ಇಲ್ಲದ್ದಾ?"

"ಅವನು ಇಲ್ಲಿಗೆ ಬಂದು ನಿಲ್ಲಬೇಕಂತೆ."

"ಇನ್ನು ಈ ದೇಶಕ್ಕೆ ಕಾಲಿಡಬಾರದು ಅಂತ ಅವರೇ ಪಾಸ್‌ಪೋರ್ಟಿನಲ್ಲಿ ಒತ್ತಿ ಕಳಿಸಿದ್ದಲ್ವಾ?"

"ಅದನ್ನೇ ವಕೀಲರೂ ಹೇಳಿದರು. ಮುಂದೆ ಹಾಕಿದ್ದಾರೆ."

ಮುಂದೆ ಹಾಕಿದರು, ಇನ್ನೂ ಮುಂದೆ ಹಾಕಿದರು. ಫಿರ್ಯಾದಿ ಹಾಜರಿಲ್ಲ ಎಂದು ಕೊನೆಗೆ ಮುಚ್ಚಿದರು. ಖಲಾಸ್. ಹಸಿರು ರಟ್ಟಿನ ಫೈಲು ತಿರುಗಿ ಅದೇ ಕಪಾಟಿಗೆ ಹೋಗಿರಬೇಕು.

ಆ ದಿನಗಳಲ್ಲೇ ಊರಿನಿಂದ ಸಂಜೀವನ ಮೊದಲ ಕಾಗದ ಬಂತು. ಉಮ್ ಜಾಸಿಮಳ ಕಾಲು ಒರೆಸಿ, ಕೈ ತೊಳೆದು, ಅಡಿಗೆಮನೆಯ ಕಿಟಕಿಯ ಹತ್ತಿರ ನಿಂತು ಬಿಡಿಸಿದೆ. ಬಲಗಡೆ ಊರಿನ ಹೆಸರು ಇತ್ತು, ಕೆಳಗೆ ಅಕ್ಕನಿಗೆ ನಮಸ್ಕಾರ ಇತ್ತು.

ಕಾಲು ನೋಯುತ್ತದೆ ಎಂದು ಶುರು ಮಾಡಿದ್ದ. ಇರುವ ಕಾಲಲ್ಲ, ತೆಗೆದ ಕಾಲು. ಇಲ್ಲದ ಹೆಬ್ಬೆರಳು ತುರಿಸುತ್ತದೆ, ಕೈ ಹಾಕಿದರೆ ಚಾಪೆ ಸಿಗುತ್ತದೆ. ಅಮ್ಮ ಪಕ್ಕದಲ್ಲಿ ಕೂತಿದ್ದಾರೆ. ಮೊದಲ ಸಾಲು ಬಿಟ್ಟಿದ್ದಿ, ಅಪಶಕುನ, ಬರೆ ಎಂದು ಬೈಯುತ್ತಿದ್ದಾರೆ. ನಾನು ಬರೆಯುವುದಿಲ್ಲ ಅಕ್ಕ.